ಗ್ರೀನ್ ನದಿಯಲ್ಲಿ ಒಂದು ಹಗಲು: ಮನೆಮಂದಿಯೊಂದಿಗೆ ದೋಣಿಯಲ್ಲಿ ತೇಲುತ್ತ ಫ್ಲೈ ಫಿಶಿಂಗ್ ಮಾಡುವ ಬಗೆ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದರೆ ಯೆಲ್ಲೋಸ್ಟೋನ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವುದು ರೂಢಿಯಾಗಿಬಿಟ್ಟಿದೆ. ಅವೆರಡನ್ನೂ ನೋಡಿ ಮುಗಿಸಿದವರು ಒಂದು ದಿನವನ್ನು ಯೂಟಾ ರಾಜ್ಯದ ಈಶಾನ್ಯ ಮೂಲೆಯ ಗ್ರೀನ್ ನದಿಗೆ ಮೀಸಲಿಡಬಹುದು. ಬೆಳಿಗ್ಗೆ ಒಂದು ಕಡೆ ದೋಣಿಯನ್ನು ನೀರಿಗಿಳಿಸಿ, ಹರಿವಿನ ಜೊತೆಗೇ ತೇಲುತ್ತ, ದಾರಿಯುದ್ದಕ್ಕೂ ಗಾಳ ಬೀಸುತ್ತ, ಸಂಜೆ ಕೆಳಗಿನ ಇನ್ನೊಂದು ದಂಡೆಯಲ್ಲಿ ದೋಣಿಯನ್ನು ಮೇಲೆಳೆಯುವುದು ಇಷ್ಟೇ ಈ ಪ್ರವಾಸ. ಕಾಗದದ ಮೇಲೆ ಸರಳವಾಗಿ ಕಾಣುವ ಈ ದಿನ ಹದಗೆಡುವುದು ಬಹುತೇಕ ಸಿದ್ಧತೆಯ ಕೊರತೆಯಿಂದ. ಏಳೆಂಟು ಬಾರಿ ಹೋಗಿಬಂದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಒಂದೇ: ಗಾಳ ಹಿಡಿದವರಿಗಿಂತ ಹುಟ್ಟು ಹಿಡಿದವರೇ ಈ ದಿನವನ್ನು ನಡೆಸುತ್ತಾರೆ, ಆದ್ದರಿಂದ ಯೋಜನೆಯನ್ನು ಮೀನಿನಿಂದಲ್ಲದೆ ದೋಣಿಯಿಂದ ಶುರುಮಾಡಬೇಕು.

ಫ್ಲೈ ಫಿಶಿಂಗ್ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ನಮ್ಮ ಊರಿನ ಗಾಳದಲ್ಲಿ ಎರೆಯ ಅಥವಾ ಸೀಸದ ತೂಕ ದಾರವನ್ನು ದೂರಕ್ಕೆ ಒಯ್ಯುತ್ತದೆ. ಇಲ್ಲಿ ಅದು ತಿರುಗುಮುರುಗು. ಗರಿ, ನೂಲು, ಕೂದಲು ಸುತ್ತಿ ಹುಳುವಿನಂತೆ ಕಾಣುವ ಹಾಗೆ ಕಟ್ಟಿದ ಕೊಕ್ಕೆಗೆ ತೂಕವೇ ಇರುವುದಿಲ್ಲ, ದಪ್ಪನೆಯ ದಾರದ ತೂಕವೇ ಅದನ್ನು ಗಾಳಿಯಲ್ಲಿ ಒಯ್ದು ನೀರಿನ ಮೇಲೆ ಇಳಿಸುತ್ತದೆ. ಆ ಹುಸಿ ಹುಳುವಿಗೆ ಫ್ಲೈ ಎಂದು ಹೆಸರು.

ನದಿಯ ಯಾವ ಭಾಗ

ಫ್ಲೇಮಿಂಗ್ ಗಾರ್ಜ್ ಅಣೆಕಟ್ಟೆಯ ಕೆಳಗಿನ ಗ್ರೀನ್ ನದಿಯನ್ನು ಎ, ಬಿ, ಸಿ ಎಂದು ಮೂರು ಭಾಗಗಳಾಗಿ ಕರೆಯುತ್ತಾರೆ. ಅಣೆಕಟ್ಟೆಯ ಬುಡದಿಂದ ಲಿಟಲ್ ಹೋಲ್ ಎಂಬ ಜಾಗದವರೆಗಿನ ಸುಮಾರು 7 ಮೈಲಿ, ಅಂದರೆ 11 ಕಿಲೋಮೀಟರ್, ಎ ಭಾಗ. ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ಇದನ್ನು ಬಿಟ್ಟು ಬೇರೆಯದನ್ನು ಯೋಚಿಸಬೇಡಿ. ಕೆಳಗಿನ ಬಿ ಭಾಗದಲ್ಲಿ ಜನ ಕಡಿಮೆ ಇರುವುದು ನಿಜ, ಆದರೆ ಅಲ್ಲಿ ರೆಡ್ ಕ್ರೀಕ್ ಎಂಬ, ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಮೂರನೆಯ ದರ್ಜೆಯ ರ‍್ಯಾಪಿಡ್ ಇದೆ, ಅದು ಅನುಭವವಿಲ್ಲದ ಕೈಗಳಿಗೆ ತಕ್ಕದ್ದಲ್ಲ. ದರ್ಜೆಯ ಅಂಕಿ ಏರಿದಷ್ಟೂ ದಾಟುವುದು ಕಷ್ಟ. ಎ ಭಾಗದ ರಭಸಗಳೆಲ್ಲ ಒಂದು ಮತ್ತು ಎರಡನೆಯ ದರ್ಜೆಯವು. ಅವುಗಳಲ್ಲೊಂದಕ್ಕೆ ‘ಅತ್ತೆ’ ಎಂಬರ್ಥದ ಮದರ್-ಇನ್-ಲಾ ಎಂಬ ಹೆಸರಿದೆ. ದೋಣಿಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದಾಗ ಈ ಹೆಸರನ್ನು ಅದನ್ನು ದಾಟಿದ ಮೇಲೆ ಹೇಳುವುದು ಒಳ್ಳೆಯದು.

ಈ ಭಾಗವನ್ನು ಆಯ್ದುಕೊಳ್ಳಲು ಇನ್ನೂ ಒಂದು ಕಾರಣವಿದೆ. ನದಿಯ ಪಕ್ಕದಲ್ಲೇ ಅಣೆಕಟ್ಟೆಯಿಂದ ಲಿಟಲ್ ಹೋಲ್‌ವರೆಗೂ ಕಾಲುಹಾದಿಯಿದೆ. ದೋಣಿಯಲ್ಲಿ ಕೂರಲು ಹೆದರುವವರು ನಡೆದು ಬರಬಹುದು, ಊಟದ ಹೊತ್ತಿಗೆ ದಡದಲ್ಲಿ ಎಲ್ಲರೂ ಸೇರಬಹುದು. ನೀರು ಬಹಳ ತಿಳಿ. ದೋಣಿಯ ನೆರಳು ತಳದ ಕಲ್ಲುಗಳ ಮೇಲೆ ಸರಿಯುವುದು ಕಾಣುತ್ತದೆ, ಆ ನೆರಳಿಗೆ ಬೆದರಿ ಪಕ್ಕಕ್ಕೆ ಜಾರುವ ಟ್ರೌಟ್ ಎಂಬ ಮೀನುಗಳೂ ಕಾಣುತ್ತವೆ. ಗಾಳವನ್ನೇ ಮುಟ್ಟದವರಿಗೂ ಇದೊಂದೇ ಸಾಕಷ್ಟು ಹೊತ್ತು ಕಳೆಯಲು ಸಾಲುತ್ತದೆ. ಎರಡೂ ಬದಿಗೆ ಎದ್ದಿರುವ ಕೆಂಪು ಬಂಡೆಗಳನ್ನು ಕಂಡೇ ಅನ್ವೇಷಕ ಜಾನ್ ವೆಸ್ಲಿ ಪವೆಲ್ 1869ರಲ್ಲಿ ಈ ಕಣಿವೆಗೆ ರೆಡ್ ಕ್ಯಾನ್ಯನ್ ಎಂದೂ ಮೇಲಿನ ಕಣಿವೆಗೆ ಫ್ಲೇಮಿಂಗ್ ಗಾರ್ಜ್ ಎಂದೂ ಹೆಸರಿಟ್ಟದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಆತ ಒಂಬತ್ತು ಮಂದಿ ಸಂಗಡಿಗರೊಂದಿಗೆ ನಾಲ್ಕು ದೋಣಿಗಳಲ್ಲಿ ಈ ದಾರಿಯಾಗಿ ಹೋದ.

ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆಯ ದಾರಿ. ಹಿಂದಿನ ರಾತ್ರಿಯೇ ಅಣೆಕಟ್ಟೆಯ ಪಕ್ಕದ ಡಚ್ ಜಾನ್ ಎಂಬ ಪುಟ್ಟ ಊರಿನಲ್ಲೋ ಸುತ್ತಲಿನ ಶಿಬಿರ ತಾಣಗಳಲ್ಲೋ ತಂಗುವುದು ಲೇಸು. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ ಕಾರಿಗೆ ತುಂಬಿಕೊಂಡು ಹೊರಟವರು ನದಿ ಮುಟ್ಟುವ ಹೊತ್ತಿಗೇ ದಣಿದಿರುತ್ತಾರೆ.

ದಿನವನ್ನು ಗೊತ್ತುಮಾಡುವುದು, ನೀರನ್ನು ನೋಡುವುದು

ಜೂನ್ ತಿಂಗಳ ನಡುವಿನ ಯಾವುದಾದರೂ ವಾರದ ದಿನ ನನ್ನ ಮೊದಲ ಆಯ್ಕೆ. ಶಾಲೆಗಳಿಗೆ ರಜೆ ಬಂದಿರುತ್ತದೆ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಸಿಕಾಡ ಎಂಬ ಜೀರುಂಡೆಗಳು ಪೊದೆಗಳಿಂದ ನೀರಿಗೆ ದೊಪ್ಪನೆ ಬೀಳುತ್ತಿರುತ್ತವೆ, ದೊಡ್ಡ ಟ್ರೌಟ್‌ಗಳು ಅವುಗಳಿಗಾಗಿ ನೀರಿನ ಮೇಲಕ್ಕೇ ಬರುತ್ತವೆ. ಜುಲೈ, ಆಗಸ್ಟ್ ತಿಂಗಳ ಶನಿವಾರ ಭಾನುವಾರಗಳಲ್ಲಿ ನೀರಾಟಕ್ಕೆ ಬಂದವರ ರಾಫ್ಟ್‌ಗಳಿಂದ ನದಿ ಜಾತ್ರೆಯಾಗಿರುತ್ತದೆ, ಮಧ್ಯಾಹ್ನ ಗುಡುಗು ಮಳೆಯ ಭಯವೂ ಇರುತ್ತದೆ. ಅನಿವಾರ್ಯವಾಗಿ ಆ ದಿನಗಳಲ್ಲೇ ಹೋಗಬೇಕಾದರೆ ಬೆಳಿಗ್ಗೆ ಎಂಟಕ್ಕೆ ಮೊದಲು ನೀರಿಗಿಳಿಯಿರಿ.

ದಿನಕ್ಕಿಂತ ಮುಖ್ಯವಾದದ್ದು ನೀರಿನ ಪ್ರಮಾಣ. 502 ಅಡಿ ಎತ್ತರದ ಈ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ಕೆಳಗಿನ ನದಿಯಲ್ಲಿ ಎಷ್ಟು ನೀರು ಹರಿಯಬೇಕೆಂಬುದು ಮಳೆಗಿಂತ ಹೆಚ್ಚಾಗಿ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆಯೇ ನಿಂತಿದೆ. ಕನಿಷ್ಠವೆಂದರೆ ಸೆಕೆಂಡಿಗೆ 800 ಘನ ಅಡಿ ಬಿಡುತ್ತಾರೆ. ವಿದ್ಯುತ್ ಯಂತ್ರಗಳ ಮೂಲಕ ಹೆಚ್ಚೆಂದರೆ 4,600 ಘನ ಅಡಿ ಹರಿಯಬಲ್ಲದು. ವಸಂತದ ಕೊನೆಯಲ್ಲಿ ಕೆಲವು ವರ್ಷ ಪಕ್ಕದ ಕೊಳವೆಗಳನ್ನೂ ತೆರೆದು ಸುಮಾರು 8,600ರವರೆಗೆ ಬಿಡುವುದುಂಟು. ಕೆಳನದಿಯಲ್ಲಿ ಅಳಿವಿನಂಚಿನಲ್ಲಿರುವ ಸ್ಥಳೀಯ ಮೀನುಗಳ ಮರಿಗಳು ಪ್ರವಾಹದ ಬಯಲನ್ನು ಸೇರಲಿ ಎಂಬುದು ಈ ದೊಡ್ಡ ಬಿಡುಗಡೆಯ ಒಂದು ಉದ್ದೇಶ. ನಾವು ಹಿಡಿಯಲು ಹೋಗುವ ಟ್ರೌಟ್‌ಗಳು ಈ ನದಿಯಲ್ಲಿ ಹೊರಗಿನಿಂದ ತಂದು ನೆಲೆಗೊಳಿಸಿದವು, ಬ್ರೌನ್ ಟ್ರೌಟ್ ಯುರೋಪಿನ ಮೂಲದ್ದು. ಮೂಲನಿವಾಸಿ ಮೀನಿಗಾಗಿ ನಮ್ಮ ಒಂದು ರಜೆ ಕೆಟ್ಟರೆ ಗೊಣಗುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ.

ಹೊರಡುವ ಎರಡು ದಿನ ಮೊದಲು ಅಣೆಕಟ್ಟೆಯನ್ನು ನಡೆಸುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರೆಕ್ಲಮೇಶನ್ ಪ್ರಕಟಿಸುವ ಬಿಡುಗಡೆಯ ಮುನ್ಸೂಚನೆಯನ್ನೂ, ಗ್ರೀನ್‌ಡೇಲ್ ಬಳಿಯ ಮಾಪನ ಕೇಂದ್ರದ ಅಂಕಿಯನ್ನೂ ನೋಡಿ. ಹೊಸಬರಿಗೆ 1,000ದಿಂದ 2,500ರ ನಡುವೆ ಹಿತ. 4,600 ಮೀರಿದ್ದರೆ ಹುಟ್ಟನ್ನು ನೀವೇ ಹಿಡಿಯುವ ಯೋಚನೆಯನ್ನು ಕೈಬಿಟ್ಟು ಗೈಡ್ ಗೊತ್ತುಮಾಡಿಕೊಳ್ಳಿ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಒಂದೇ ದಿನದೊಳಗೂ ನೀರು ಏರಿಳಿಯಬಹುದು. ಊಟಕ್ಕೆಂದು ದಡಕ್ಕೆ ಎಳೆದಿಟ್ಟ ದೋಣಿಯನ್ನು ಮರಕ್ಕೋ ಬಂಡೆಗೋ ಕಟ್ಟದೆ ಬಿಟ್ಟರೆ, ಉಂಡು ಏಳುವಷ್ಟರಲ್ಲಿ ಅದು ನಿಮಗಿಂತ ಮೊದಲೇ ಲಿಟಲ್ ಹೋಲ್ ಮುಟ್ಟಿರುತ್ತದೆ.

ದೋಣಿ, ಮತ್ತು ಅದನ್ನು ನಡೆಸುವವರು

ದೋಣಿಗಳಲ್ಲಿ ಎರಡು ಬಗೆ. ಒರೆಗಾನಿನ ಮೆಕೆಂಜಿ ನದಿಯಲ್ಲಿ ರೂಪುಗೊಂಡ ಡ್ರಿಫ್ಟ್ ದೋಣಿಗೆ ತಳ ಚಪ್ಪಟೆ, ಎರಡು ತುದಿಗಳೂ ಬಾಳೆಹಣ್ಣಿನಂತೆ ಮೇಲಕ್ಕೆ ಬಾಗಿರುತ್ತವೆ. ಅದು ನಿಂತಲ್ಲೇ ತಿರುಗಬಲ್ಲದು, ಸ್ವಲ್ಪ ನೀರಿನಲ್ಲೂ ತೇಲಬಲ್ಲದು. ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಚಪ್ಪಟೆ ತಳದ ಗುಣ ಗೊತ್ತೇ ಇರುತ್ತದೆ. ಇನ್ನೊಂದು ಗಾಳಿ ತುಂಬಿದ ರಾಫ್ಟ್. ಇದು ಬಂಡೆಗೆ ತಾಗಿದರೂ ಚೆಂಡಿನಂತೆ ಪುಟಿದು ಮುಂದೆ ಹೋಗುವುದರಿಂದ ಹೊಸಬರ ತಪ್ಪನ್ನು ಹೆಚ್ಚು ಕ್ಷಮಿಸುತ್ತದೆ. ಡಚ್ ಜಾನ್‌ನಲ್ಲಿ ರಾಫ್ಟ್‌ಗಳು ಬಾಡಿಗೆಗೆ ಸಿಗುತ್ತವೆ. ಕೇಳುವಾಗ ಉದ್ದನೆಯ ಹುಟ್ಟುಗಳನ್ನು ಕೂರಿಸುವ ಲೋಹದ ಚೌಕಟ್ಟು ಇರುವ ರಾಫ್ಟನ್ನೇ ಕೇಳಿ. ಎಲ್ಲರ ಕೈಗೂ ಒಂದೊಂದು ಪುಟ್ಟ ಹುಟ್ಟು ಕೊಡುವ ರಾಫ್ಟ್ ನೀರಾಟಕ್ಕೆ ಸರಿ. ಗಾಳ ಹಾಕಬೇಕಾದವರ ಕೈ ಖಾಲಿಯಿರಬೇಕು.

ಮೊದಲ ಸಲ ಹೋಗುವವರು ಗೈಡ್ ಇರುವ ದೋಣಿಯನ್ನೇ ಗೊತ್ತುಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ದೋಣಿಯಲ್ಲಿ ಗೈಡ್ ಅಲ್ಲದೆ ಇಬ್ಬರಿಗೆ ಮಾತ್ರ ಗಾಳ ಹಾಕಲು ಜಾಗವಿರುತ್ತದೆ, ಆರು ಮಂದಿಯ ಗುಂಪಿಗೆ ಮೂರು ದೋಣಿ ಬೇಕಾಗುತ್ತದೆ. ಖರ್ಚು ಹೆಚ್ಚು, ನಿಜ. ಒಂದು ಮಧ್ಯಮ ಮಾರ್ಗವೆಂದರೆ ಒಂದೇ ಗೈಡ್ ದೋಣಿ ಮಾಡಿ ಗಾಳದಲ್ಲಿ ಆಸಕ್ತಿಯಿರುವ ಇಬ್ಬರನ್ನು ಅದರಲ್ಲಿ ಕೂರಿಸುವುದು, ಉಳಿದವರು ಹುಟ್ಟು ಬಲ್ಲ ಒಬ್ಬರ ಜೊತೆ ಬಾಡಿಗೆ ರಾಫ್ಟ್‌ನಲ್ಲಿ ಹಿಂದೆ ಹಿಂದೆಯೇ ಬರುವುದು. ಗೈಡ್ ಹಿಡಿದ ದಾರಿಯನ್ನೇ ಹಿಡಿಯುತ್ತ ಹೋದರೆ ರಾಫ್ಟ್ ನಡೆಸುವವರಿಗೆ ಅದೇ ದೊಡ್ಡ ಪಾಠ.

ಹುಟ್ಟು ಹಿಡಿಯುವವರು ಹಿಂದಿನ ದಿನ ಮೇಲಿನ ಜಲಾಶಯದ ನಿಂತ ನೀರಿನಲ್ಲಿ ಒಂದು ಗಂಟೆ ಅಭ್ಯಾಸ ಮಾಡಲಿ. ಕೆರೆಯ ದೋಣಿಯಲ್ಲಿ ಹೋಗಬೇಕಾದ ಕಡೆಗೆ ಬೆನ್ನು ಮಾಡಿ ಕೂರುತ್ತೇವೆ, ನದಿಯಲ್ಲಿ ಹಾಗಲ್ಲ. ಮುಖ ಹರಿವಿನ ಕಡೆಗಿರಬೇಕು, ಹುಟ್ಟನ್ನು ಎದೆಯ ಕಡೆಗೆ ಎಳೆದಾಗ ದೋಣಿ ಹರಿವಿಗೆ ಎದುರಾಗಿ ಹಿಂದಕ್ಕೆ ಬರಬೇಕು. ಅಂದರೆ ಇಲ್ಲಿ ಹುಟ್ಟು ಹಾಕುವುದು ಮುಂದೆ ಹೋಗಲು ಅಲ್ಲ, ವೇಗ ತಗ್ಗಿಸಲು ಮತ್ತು ಪಕ್ಕಕ್ಕೆ ಸರಿಯಲು. ಮುಂದೆ ಬಂಡೆಯೊಂದು ಕಂಡಿತೆನ್ನಿ. ಕೈಗೆ ತಾನಾಗಿ ತೋಚುವುದು ಮೂತಿಯನ್ನು ಬಂಡೆಯಿಂದ ಆಚೆ ತಿರುಗಿಸುವುದು, ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಮೂತಿಯನ್ನು ಓರೆಯಾಗಿ ಬಂಡೆಯ ಕಡೆಗೇ ತಿರುಗಿಸಿ ಎರಡೂ ಹುಟ್ಟನ್ನು ಒಟ್ಟಿಗೆ ಎಳೆಯಬೇಕು. ಆಗ ದೋಣಿಯ ಹಿಂಭಾಗ ದೂರದ ದಡದ ಕಡೆಗೆ ಸರಿಯುತ್ತದೆ, ಹರಿವೇ ಅರ್ಧ ಕೆಲಸ ಮಾಡುತ್ತದೆ. ಐವತ್ತು ಮಾರು ಮೊದಲೇ ಶುರುಮಾಡಿದರೆ ನಾಲ್ಕು ಎಳೆತ ಸಾಕು. ಹತ್ತು ಮಾರು ಉಳಿದಾಗ ನಲವತ್ತು ಎಳೆತವೂ ಸಾಲದು.

ಪರವಾನಗಿ ಮತ್ತು ಕಾಯಿದೆ

ಎ ಭಾಗದಲ್ಲಿ ಒಂದು ದಿನ ತೇಲಲು ಚೀಟಿ ಎತ್ತುವ ಪರವಾನಗಿ ವ್ಯವಸ್ಥೆಯಿಲ್ಲ, ಅರಣ್ಯ ಇಲಾಖೆಯ ದಿನದ ಶುಲ್ಕ ಕಟ್ಟಿದರಾಯಿತು. ಗಾಳ ಹಾಕುವ 12 ವರ್ಷ ಮತ್ತು ಮೇಲ್ಪಟ್ಟ ಪ್ರತಿಯೊಬ್ಬರಿಗೂ ಯೂಟಾದ ಮೀನುಗಾರಿಕೆ ಲೈಸೆನ್ಸ್ ಬೇಕು, ಊರಿನಿಂದ ಬಂದ ಅಪ್ಪ ಹತ್ತು ನಿಮಿಷ ಕೋಲು ಹಿಡಿದು ನೋಡುತ್ತಾರೆಂದರೂ ಬೇಕು. ಹೊರರಾಜ್ಯದವರಿಗೆ ಕಡಿಮೆ ದಿನದ ಲೈಸೆನ್ಸ್ ಸಿಗುತ್ತದೆ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಆದ್ದರಿಂದ ಎಲ್ಲವನ್ನೂ ಮೊದಲೇ ಪಡೆದು ಫೋನಿನಲ್ಲಿ ಉಳಿಸಿಕೊಳ್ಳಿ.

ಈ ನದಿಯಲ್ಲಿ ಕೃತಕ ಫ್ಲೈ ಮತ್ತು ಕೃತಕ ಎರೆಗಳಿಗೆ ಮಾತ್ರ ಅವಕಾಶ. ಹಿಂದೆ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ತೆಪ್ಪದ ಮೇಲೆ ಕೂತು ರಾಗಿ ಮುದ್ದೆಯ ಉಂಡೆಯನ್ನು ಕೊಕ್ಕೆಗೆ ಮೆತ್ತಿ ಮಹಶೀರ್ ಹಿಡಿಯುತ್ತಿದ್ದ ಕಥೆ ಕೇಳಿದವರು ಆ ವಿದ್ಯೆಯನ್ನು ಇಲ್ಲಿ ಪ್ರಯೋಗಿಸಬಾರದು, ದಂಡ ಬೀಳುತ್ತದೆ. ಮೀನನ್ನು ಮನೆಗೆ ಒಯ್ಯುವುದಕ್ಕೂ ಅಳತೆಯ ಮಿತಿಗಳಿವೆ. ಆ ವರ್ಷದ ರಾಜ್ಯ ಮಾರ್ಗಸೂಚಿಯನ್ನು ಓದಿಕೊಳ್ಳಿ, ಅಥವಾ ನಾನು ಮಾಡುವಂತೆ ಎಲ್ಲವನ್ನೂ ನೀರಿಗೆ ಮರಳಿ ಬಿಟ್ಟು ಆ ಲೆಕ್ಕಾಚಾರದಿಂದಲೇ ಪಾರಾಗಿ.

ಲೈಫ್ ಜಾಕೆಟನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಎ ಭಾಗದುದ್ದಕ್ಕೂ ಎಲ್ಲರೂ ತೊಟ್ಟಿರಬೇಕು. ಮಕ್ಕಳ ಜಾಕೆಟಿನ ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ, ಅದು ಕಿವಿಯವರೆಗೆ ಏರಿದರೆ ಅಳತೆ ದೊಡ್ಡದು. ಒಂದು ಹೆಚ್ಚುವರಿ ಹುಟ್ಟು ಮತ್ತು ನೀರು ಮೊಗೆದು ಚೆಲ್ಲಲು ಒಂದು ಬಕೆಟ್ ದೋಣಿಯಲ್ಲಿರಲಿ.

ಕೋಲು, ದಾರ, ಫ್ಲೈ

ಸಲಕರಣೆಯ ಅಂಗಡಿಯಲ್ಲಿ ಕಾಲಿಟ್ಟವರು ಬರಿಗೈಯಲ್ಲಿ ಬರುವುದಿಲ್ಲ, ಆದರೆ ಈ ನದಿಗೆ ಬೇಕಾದದ್ದು ಸ್ವಲ್ಪವೇ. 9 ಅಡಿ ಉದ್ದದ, 5-ವೇಟ್ ಎಂದು (ಅದು ಹೊರುವ ದಾರದ ತೂಕದ ಅಳತೆ) ಗುರುತು ಹಾಕಿದ ಕೋಲು, ಅದಕ್ಕೆ ಹೊಂದುವ ತೇಲುವ ದಾರ, ಅದರ ತುದಿಗೆ 9 ಅಡಿಯ ಸಣಕಲು ಪಾರದರ್ಶಕ ಲೀಡರ್. ಇಬ್ಬರಿಗೆ ಒಂದು ಕೋಲು ಸಾಕು, ಸರದಿಯ ಮೇಲೆ ಹಿಡಿಯಬಹುದು. ಮೀನು ಕಾಣಬೇಕಾದರೆ ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ಅದು ಕಣ್ಣನ್ನು ಕೊಕ್ಕೆಯಿಂದಲೂ ಕಾಯುತ್ತದೆಯಾದ್ದರಿಂದ ಗಾಳ ಹಾಕದೆ ಸುಮ್ಮನೆ ಕೂತವರೂ ಯಾವುದಾದರೂ ಕನ್ನಡಕ ಹಾಕಿಕೊಂಡಿರಬೇಕು.

ಹೊಸಬರಿಗೆ ಒಂದೇ ಕಟ್ಟು ಹೇಳಿಕೊಡುವುದಾದರೆ ಇದು: ಮೇಲೆ ತೇಲುವ ಒಂದು ದೊಡ್ಡ ಫ್ಲೈ, ಅದರ ಕೊಕ್ಕೆಯ ಬಾಗಿಗೆ ಒಂದೂವರೆ ಎರಡು ಅಡಿ ತೆಳು ದಾರ ಕಟ್ಟಿ, ಅದರ ತುದಿಗೆ ಮುಳುಗುವ ಒಂದು ಚಿಕ್ಕ ಫ್ಲೈ. ಮೇಲಿನದು ಆಹಾರವೂ ಹೌದು, ಬೆಂಡಿನಂತೆ ಸೂಚಕವೂ ಹೌದು. ಅದು ತಟ್ಟನೆ ಮುಳುಗಿದರೆ ಕೆಳಗಿನದನ್ನು ಮೀನು ಕಚ್ಚಿದೆ ಎಂದರ್ಥ. ಮೇಲಿನದಕ್ಕೆ ಚೆರ್ನೋಬಿಲ್ ಆಂಟ್ ಹಾಕಿ. ಕಪ್ಪು ಫೋಮಿನ ತುಂಡಿಗೆ ರಬ್ಬರ್ ಕಾಲುಗಳನ್ನು ಕಟ್ಟಿದ ಈ ವಿಕಾರ ರೂಪ ಹುಟ್ಟಿದ್ದು ಇದೇ ಗ್ರೀನ್ ನದಿಯ ಗೈಡ್‌ಗಳ ಕೈಯಲ್ಲಿ, 1986ರ ಅಣು ದುರಂತದ ಹೆಸರು ಅದಕ್ಕೆ ಅಂಟಿಕೊಂಡಿತು. ಸಿಕಾಡ ಕಾಲದಲ್ಲಿ ಇದನ್ನು ಮೀರಿಸುವುದು ಕಷ್ಟ. ಕೆಳಗಿನದಕ್ಕೆ ಪುಟ್ಟ ನೊಣದ ಮರಿಹುಳುವಿನಂತಹ ಜೀಬ್ರಾ ಮಿಡ್ಜ್ ಅಥವಾ ಸೀಗಡಿಯಂತಹ ಸ್ಕಡ್ ಹಾಕಬಹುದು.

ಮನೆಯಲ್ಲೇ ಎಲ್ಲ ಕೊಕ್ಕೆಗಳ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿಗಿಂತ ಮೊದಲು ನಿಮ್ಮ ಸಂಬಂಧಿಕರು ನಿಮಗೆ ಕೃತಜ್ಞರಾಗಿರುತ್ತಾರೆ.

ಬುತ್ತಿ ಮತ್ತು ಬಟ್ಟೆ

ಪುಳಿಯೋಗರೆ ಮತ್ತು ಚಪಾತಿ ಪಲ್ಯದ ಸುರುಳಿ ದೋಣಿಗೆ ಹೇಳಿಮಾಡಿಸಿದಂಥವು, ಮೊಸರನ್ನವನ್ನು ಐಸ್ ಪೆಟ್ಟಿಗೆಯಲ್ಲಿಡಿ. ಸಾರು, ಸಾಂಬಾರು ಬೇಡ. ನದಿ ಸಮುದ್ರ ಮಟ್ಟದಿಂದ ಸುಮಾರು 5,600 ಅಡಿ ಎತ್ತರದಲ್ಲಿರುವುದರಿಂದ ಬಿಸಿಲು ಚುರುಕಾಗಿ ಸುಡುತ್ತದೆ, ಬಾಯಾರಿಕೆ ಗೊತ್ತಾಗುವುದು ತಡ. ತಲೆಗೆ ಎರಡು ಲೀಟರ್ ನೀರು ಇರಲಿ.

ಬಿಸಿಲು ಸುಟ್ಟರೂ ನೀರು ಮಾತ್ರ ಕೊರೆಯುತ್ತದೆ. ಜಲಾಶಯದ ಆಳದಿಂದ ಬರುವ ನೀರು ಮೊದಲ ವರ್ಷಗಳಲ್ಲಿ ಟ್ರೌಟ್ ಬೆಳೆಯುವುದಕ್ಕೂ ತೀರ ತಣ್ಣಗಿತ್ತು. 1978ರಲ್ಲಿ ಬೇರೆ ಬೇರೆ ಆಳದಿಂದ ನೀರು ಸೆಳೆಯುವ ಏರ್ಪಾಡು ಮಾಡಿದ ಮೇಲೆ ಮೀನು ಚೆನ್ನಾಗಿ ಬೆಳೆಯತೊಡಗಿತು, ಆದರೆ ಮನುಷ್ಯರಿಗೆ ಈಗಲೂ ಅದು ಮಂಜಿನ ನೀರೇ. ಹತ್ತಿಯ ಬಟ್ಟೆ, ಜೀನ್ಸ್, ಸೀರೆ ನೆನೆದರೆ ಒಣಗುವುದಿಲ್ಲ. ಬೇಗ ಒಣಗುವ ಬಟ್ಟೆ ತೊಡಿ, ಪ್ರತಿಯೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ ಮತ್ತು ಸ್ವೆಟರನ್ನು ನೀರು ಹೊಗದ ಚೀಲದಲ್ಲಿ ಕಟ್ಟಿ. ಶೌಚಾಲಯವನ್ನು ನೀರಿಗಿಳಿಯುವ ಮೊದಲೇ ಬಳಸಿಬಿಡಬೇಕೆಂದು ಹಿರಿಯ ಹೆಂಗಸರಿಗೆ ಮುಜುಗರಪಡದೆ ಹೇಳಿ. ಮುಂದೆ ಲಿಟಲ್ ಹೋಲ್‌ನಲ್ಲಿದೆ, ನಡುವೆ ನೆಚ್ಚಬೇಡಿ.

ಕಾರು ಮತ್ತು ಕೀಲಿಕೈ

ದೋಣಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದರಿಂದ ಕಾರು ಕೆಳಗೆ ಕಾದಿರಬೇಕು. ಹಣ ಕೊಟ್ಟರೆ ನಿಮ್ಮ ಕಾರನ್ನು ಲಿಟಲ್ ಹೋಲ್‌ಗೆ ಒಯ್ದು ನಿಲ್ಲಿಸುವ ಸೇವೆ ಡಚ್ ಜಾನ್‌ನಲ್ಲಿದೆ. ಎರಡು ಕಾರುಗಳಿದ್ದರೆ ಬೆಳಿಗ್ಗೆಯೇ ಒಂದನ್ನು ಕೆಳಗೆ ಬಿಟ್ಟು ಬರಬಹುದು. ನಮ್ಮ ಮೊದಲ ಪ್ರವಾಸದಲ್ಲಿ ನಾನು ಇದನ್ನು ಅಚ್ಚುಕಟ್ಟಾಗಿ ಮಾಡಿ, ಕೆಳಗಿನ ಕಾರಿನ ಕೀಲಿಕೈಯನ್ನು ಮೇಲಿನ ಕಾರಿನಲ್ಲಿದ್ದ ಜಾಕೆಟಿನ ಜೇಬಿನಲ್ಲಿ ಬಿಟ್ಟಿದ್ದೆ. ಸಂಜೆ ಒದ್ದೆ ಬಟ್ಟೆಯ ಏಳು ಜನ ಬೀಗ ಹಾಕಿದ ಕಾರಿನ ಸುತ್ತ ನಿಂತಿದ್ದರು. ನಮ್ಮ ಮಾವನವರು ಏನೂ ಹೇಳಲಿಲ್ಲ, ಆ ಮೌನವೇ ಸಾಕಾಗಿತ್ತು. ಅಪರಿಚಿತರೊಬ್ಬರು ನನ್ನನ್ನು ಮೇಲಕ್ಕೆ ಕರೆದೊಯ್ದರು. ಅಂದಿನಿಂದ ದೋಣಿಯ ಹಗ್ಗ ಬಿಚ್ಚುವ ಮೊದಲು ಹುಟ್ಟು ಹಿಡಿದವರು ‘ಕೀಲಿಕೈ’ ಎಂದು ಕೂಗುವುದು, ಕಾರಿನವರು ಅದನ್ನು ಎತ್ತಿ ತೋರಿಸುವುದು ನಮ್ಮ ಪದ್ಧತಿ.

ಅಣೆಕಟ್ಟೆಯ ಬುಡದ ಇಳಿದಾಣ ಇಕ್ಕಟ್ಟು, ಅಲ್ಲಿ ಕಾರು ನಿಲ್ಲಿಸಿಡುವಂತಿಲ್ಲ. ಕೋಲು ಜೋಡಿಸುವುದು, ಸನ್‌ಸ್ಕ್ರೀನ್ ಹಚ್ಚುವುದು, ಫೋಟೋ ತೆಗೆಯುವುದು ಎಲ್ಲವನ್ನೂ ಮೇಲಿನ ನಿಲ್ದಾಣದಲ್ಲೇ ಮುಗಿಸಿ, ಕೆಳಗೆ ಸಾಮಾನು ಇಳಿಸಿ, ದೋಣಿ ನೀರಿಗೆ ತಳ್ಳಿ, ಜಾಗ ಬಿಟ್ಟುಕೊಡಿ.

ನೀರಿನ ಮೇಲೆ

ಹೊರಡುವ ಮೊದಲು ಮೂರು ಮಾತನ್ನು ಎಲ್ಲರಿಗೂ ಕನ್ನಡದಲ್ಲೇ ಬಿಡಿಸಿ ಹೇಳಿ, ಮಕ್ಕಳಿಂದ ಮರಳಿ ಹೇಳಿಸಿ. ನೀರಿಗೆ ಬಿದ್ದವರು ಅಂಗಾತ ಮಲಗಿ ಕಾಲನ್ನು ಹರಿವಿನ ಕಡೆಗೆ ಚಾಚಿಕೊಳ್ಳಬೇಕು, ರಭಸದಲ್ಲಿ ಎದ್ದು ನಿಲ್ಲಲು ಹೋಗಬಾರದು, ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಹರಿವು ತಲೆಯನ್ನು ಒಳಗೆ ಅದುಮುತ್ತದೆ. ದೋಣಿ ಅಡ್ಡಲಾಗಿ ಬಂಡೆಗೆ ಒರಗಿದರೆ ಎಲ್ಲರೂ ಬಂಡೆಯ ಕಡೆಗೇ ವಾಲಬೇಕು, ಆಚೆ ಸರಿದರೆ ಹರಿವು ಬರುವ ಕಡೆಯ ಅಂಚಿಗೆ ನೀರು ನುಗ್ಗಿ ದೋಣಿ ಮಗುಚುತ್ತದೆ. ಇನ್ನು, ಹುಟ್ಟು ಹಿಡಿದವರು ‘ಕೂತ್ಕೊಳ್ಳಿ’ ಎಂದರೆ ಕೂರಬೇಕು, ಅವರು ವಯಸ್ಸಿನಲ್ಲಿ ಎಷ್ಟು ಚಿಕ್ಕವರಾದರೂ ಸರಿ. ಈ ಕೊನೆಯದನ್ನು ಒಪ್ಪಿಸುವುದೇ ನಮ್ಮ ಕುಟುಂಬಗಳಲ್ಲಿ ಕಷ್ಟದ ಕೆಲಸ.

ಮುಂದೆ ಒಬ್ಬರು, ಹಿಂದೆ ಒಬ್ಬರು ಗಾಳ ಹಾಕುತ್ತಾರೆ, ನಡುವೆ ಹುಟ್ಟು. ಇಬ್ಬರೂ ಒಂದೇ ದಡದ ಕಡೆಗೆ, ಸಮಾನಾಂತರವಾಗಿ ಬೀಸಬೇಕು. ಮುಂದಿನವರು ಹಿಂದಕ್ಕೆ ಬೀಸಿದರೆ ದಾರ ಹುಟ್ಟು ಹಿಡಿದವರ ತಲೆಯ ಮೇಲೆ ಹಾಯುತ್ತದೆ. ಹೊಸಬರು ದೂರ ಬೀಸುವ ಹಟ ಬಿಡಬೇಕು, ಮೂವತ್ತು ಅಡಿ ಧಾರಾಳ. ಕೋಲನ್ನು ಹಿಂದಕ್ಕೆ ಚುರುಕಾಗಿ ಎತ್ತಿ, ಗಡಿಯಾರದ ಮುಳ್ಳು ಹನ್ನೆರಡರಿಂದ ತುಸು ಹಿಂದೆ ಸರಿದಂತಿರುವಾಗ ನಿಲ್ಲಿಸಿ, ದಾರ ಬೆನ್ನ ಹಿಂದೆ ನೀಳವಾಗುವವರೆಗೆ ಒಂದು ಉಸಿರು ಕಾದು, ಮುಂದಕ್ಕೆ ತಂದು ನಿಲ್ಲಿಸಿ. ಆ ಒಂದು ಉಸಿರು ಕಾಯದವರ ದಾರ ಕಾಲ ಬುಡದಲ್ಲೇ ರಾಶಿ ಬೀಳುತ್ತದೆ.

ದೋಣಿಯಿಂದ ಗಾಳ ಹಾಕುವುದು ಹೊಸಬರಿಗೆ ಸುಲಭವಾಗುವುದಕ್ಕೆ ಒಂದು ಕಾರಣವಿದೆ. ದಡದಲ್ಲಿ ನಿಂತವರ ದಾರವನ್ನು ನೀರು ಎಳೆಯುತ್ತದೆ, ಫ್ಲೈ ನೀರಿಗಿಂತ ಬೇರೆ ವೇಗದಲ್ಲಿ ಗೀರು ಎಳೆದುಕೊಂಡು ಹೋಗುತ್ತದೆ, ಹುಳು ಹೀಗೆ ಈಜುವುದಿಲ್ಲವೆಂದು ಮೀನಿಗೆ ಗೊತ್ತು. ದೋಣಿ ಮಾತ್ರ ನೀರಿನ ವೇಗದಲ್ಲೇ ಹೋಗುತ್ತಿರುತ್ತದೆ, ಫ್ಲೈ ಕೂಡ ಅದೇ ವೇಗದಲ್ಲಿ ಜೊತೆಗೆ ತೇಲುತ್ತದೆ. ಸ್ವಲ್ಪ ಮುಂದಕ್ಕೆ ಓರೆಯಾಗಿ ಬೀಸಿ, ದಾರದ ನಡುಭಾಗ ಹರಿವಿಗೆ ಸಿಕ್ಕಿ ಬಾಗತೊಡಗಿದಾಗ ಕೋಲಿನ ತುದಿಯಿಂದ ಅದನ್ನು ಮೆಲ್ಲನೆ ಎತ್ತಿ ಹರಿವು ಬರುವ ಕಡೆಗೆ ಹಾಕಿದರೆ ಅರ್ಧ ನಿಮಿಷದವರೆಗೂ ಫ್ಲೈ ಸಹಜವಾಗಿ ತೇಲಬಲ್ಲದು. ಇದು ಆಗಬೇಕಾದರೆ ಹುಟ್ಟು ಹಿಡಿದವರು ದೋಣಿಯನ್ನು ದಡದಿಂದ ಒಂದೇ ದೂರದಲ್ಲಿ, ಒಂದೇ ನಡಿಗೆಯಲ್ಲಿ ಇಟ್ಟಿರಬೇಕು. ಮೀನು ಸಿಕ್ಕವರ ಫೋಟೋದಲ್ಲಿ ಹುಟ್ಟು ಹಿಡಿದವರ ಕೈ ಕಾಣುವುದಿಲ್ಲ.

ಬಂಡೆಯ ಹಿಂದೆ ನೀರು ತಿರುವಿಕೊಂಡು ನಿಧಾನವಾಗುವ ಜಾಗ, ವೇಗದ ನೀರೂ ನಿಧಾನದ ನೀರೂ ಕೂಡುವ ನೊರೆಯ ಗೆರೆ, ದಡಕ್ಕೆ ಬಾಗಿದ ಪೊದೆಯ ನೆರಳು, ಈ ಮೂರನ್ನು ಗುರಿಯಿಟ್ಟುಕೊಳ್ಳಿ. ಸಿಕಾಡ ಕಾಲದಲ್ಲಿ ಟ್ರೌಟ್ ಮೇಲೆದ್ದು ಬಾಯಿ ತೆರೆದದ್ದು ಕಂಡ ಕೂಡಲೇ ಕೋಲು ಎಳೆದರೆ ಬಾಯಿಂದಲೇ ಕಿತ್ತುಕೊಂಡಂತೆ. ಅದು ಬಾಯಿ ಮುಚ್ಚಿ ತಲೆ ಕೆಳಗೆ ಮಾಡುವವರೆಗೆ ಕಾದು ಎತ್ತಿ. ಲಂಗರನ್ನು ನಿಧಾನದ ನೀರಿನಲ್ಲಿ ಮಾತ್ರ ಇಳಿಸಬೇಕು, ರಭಸದಲ್ಲಿ ಇಳಿಸಿದ ಲಂಗರು ಹಿಂಬದಿಯನ್ನು ಅದುಮಿ ದೋಣಿಯನ್ನೇ ಮುಳುಗಿಸಬಲ್ಲದು.

ಮೀನು ಸಿಕ್ಕಾಗ

ದಾರವನ್ನು ಸಡಿಲ ಬಿಡದೆ, ಮೀನು ಓಡುವಾಗ ಓಡಲು ಬಿಟ್ಟು, ನಿಂತಾಗ ಸೆಳೆದು, ಆದಷ್ಟು ಬೇಗ ಬಲೆಬುಟ್ಟಿಗೆ ತನ್ನಿ. ಬುಟ್ಟಿ ನೀರಿನಲ್ಲೇ ಇರಲಿ. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಇಕ್ಕುಳದಿಂದ ಕೊಕ್ಕೆಯನ್ನು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಿರುವಿ, ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ. ಕಿವಿರು ಆಡುತ್ತದೆ, ಬಾಲ ಅಲುಗುತ್ತದೆ, ಆಮೇಲೆ ಅಂಗೈಯಿಂದ ತಣ್ಣನೆಯ ಬಲವೊಂದು ತಾನಾಗಿ ಜಾರಿಹೋಗುತ್ತದೆ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ, ನಿಮ್ಮ ಉಸಿರು ಹಿಡಿದುಕೊಂಡಷ್ಟು ಹೊತ್ತು ಮಾತ್ರ ಎತ್ತಿ.

‘ಬಿಡೋದೇ ಆದ್ರೆ ಹಿಡಿಯೋದ್ಯಾಕೋ?’ ಎಂದು ಅಮ್ಮ ಕೇಳಿದಾಗ ನನ್ನ ಬಳಿ ಸಮರ್ಪಕ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಂಥವರಿಗೆ ಗಾಳ ಕೊಡಬೇಡಿ, ಮುಂದಿನ ಸೀಟು ಕೊಡಿ. ಮೇಲೆ ಸುತ್ತುತ್ತಿದ್ದ ಹದ್ದೊಂದು ರೆಕ್ಕೆ ಮಡಚಿ ನೀರಿಗೆ ಬಿದ್ದು ಟ್ರೌಟ್ ಎತ್ತಿಕೊಂಡು ಹೋದದ್ದನ್ನು ದೋಣಿಯಲ್ಲಿ ಕಂಡವರು ಅಮ್ಮ ಒಬ್ಬರೇ, ನಾವೆಲ್ಲ ನಮ್ಮ ಫ್ಲೈಗಳನ್ನು ನೋಡುತ್ತಿದ್ದೆವು.

ಮನುಷ್ಯರು ಸಿಕ್ಕಾಗಲೂ ಒಂದು ವಿಧಾನವಿದೆ. ಒಮ್ಮೆ ನನ್ನ ಬೀಸಿಗೆ ಭಾವನವರ ಕಿವಿಯ ಹಾಲೆ ಸಿಕ್ಕಿತು. ಮುಳ್ಳು ಒತ್ತಿದ್ದರಿಂದ ಕೊಕ್ಕೆ ಸಲೀಸಾಗಿ ಹಿಂದೆ ಬಂತು. ಮುಳ್ಳಿರುವ ಕೊಕ್ಕೆಯಾದರೆ ಅದರ ಬಾಗಿಗೆ ಗಟ್ಟಿ ದಾರವೊಂದನ್ನು ಸುತ್ತಿ, ಕೊಕ್ಕೆಯ ಕಡ್ಡಿಯನ್ನು ಬೆರಳಿನಿಂದ ಚರ್ಮದ ಕಡೆಗೆ ಒತ್ತಿಹಿಡಿದು, ದಾರವನ್ನು ಹಿಂದಕ್ಕೆ ಥಟ್ಟನೆ ಜಗ್ಗಬೇಕು. ಕಣ್ಣಿನ ಸುತ್ತ, ಕತ್ತಿನಲ್ಲಿ ಹೊಕ್ಕ ಕೊಕ್ಕೆಯನ್ನು ಮುಟ್ಟದೆ ಆಸ್ಪತ್ರೆಗೆ ಹೋಗಬೇಕು. ಹತ್ತಿರದ ದೊಡ್ಡ ಊರು ವರ್ನಲ್, ಬೆಟ್ಟದ ತಿರುವುಗಳ ದಾರಿಯಲ್ಲಿ ಸುಮಾರು 40 ಮೈಲಿ.

ಇಳಿದ ಮೇಲೆ

ನಿಲ್ಲದೆ ತೇಲಿದರೆ ಮೂರು ಗಂಟೆಯ ಒಳಗೆ ಮುಗಿಯುವ ಈ ದಾರಿಯನ್ನು ಗಾಳ, ಊಟ, ಮಕ್ಕಳ ಕಲ್ಲೆಸೆತಗಳೊಂದಿಗೆ ಏಳೆಂಟು ಗಂಟೆಗೆ ಹಿಗ್ಗಿಸಬಹುದು. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಎದುರುಗಾಳಿ ಏಳುವುದುಂಟು, ಹುಟ್ಟು ಹಿಡಿದವರ ತೋಳಿನಲ್ಲಿ ಅದಕ್ಕೂ ಸ್ವಲ್ಪ ಶಕ್ತಿ ಉಳಿದಿರಲಿ. ಲಿಟಲ್ ಹೋಲ್‌ನಲ್ಲಿ ಇಳಿದಾಣ ತಪ್ಪಿದರೆ ಮುಂದಿನದು ಬಿ ಭಾಗ, ಅದರ ಕೊನೆಯ ದಂಡೆ ಇನ್ನೂ 9 ಮೈಲಿ ದೂರ. ಆದ್ದರಿಂದ ಜಾಗ ಕಂಡ ಕೂಡಲೇ ದಡದ ಕಡೆಗೆ ಸರಿಯಲು ಶುರುಮಾಡಿ.

ಈ ನದಿಯಲ್ಲಿ ನ್ಯೂಜಿಲೆಂಡ್ ಮೂಲದ, ಅಕ್ಕಿಕಾಳಿಗಿಂತ ಚಿಕ್ಕ ಬಸವನಹುಳುಗಳಿವೆ. ಬೂಟಿನ ತಳದಲ್ಲಿ, ಲಂಗರಿನ ಹಗ್ಗದಲ್ಲಿ ಅಂಟಿಕೊಂಡು ಅವು ಬೇರೆ ನದಿಗಳಿಗೆ ಹರಡುತ್ತವೆ. ಎಲ್ಲವನ್ನೂ ದಡದಲ್ಲೇ ಬ್ರಷ್‌ನಿಂದ ಉಜ್ಜಿ, ದೋಣಿಯ ನೀರನ್ನು ಪೂರ್ತಿ ಚೆಲ್ಲಿ, ಮನೆಗೆ ಹೋದ ಮೇಲೆ ಬಿಸಿಲಿಗೆ ಹರವಿ ಸಂಪೂರ್ಣ ಒಣಗಿಸಿ. ನಮ್ಮ ಮನೆಯಲ್ಲಿ ಹಿತ್ತಲಿನ ಬಟ್ಟೆಯ ಹಗ್ಗದ ಮೇಲೆ ಲೈಫ್ ಜಾಕೆಟುಗಳು ಮೂರು ದಿನ ನೇತಾಡುತ್ತವೆ, ನಡುವೆ ಜಾಗ ಉಳಿದರೆ ಅಮ್ಮನ ಸೀರೆ.